ಕಬ್ಬಿಣದ ಆಡಿಗೊಂದು ಕವಚ

ಒಂದಾನೊಂದು ಕಾಲದಲ್ಲಿ ಒಂದು ಕಬ್ಬಿಣದ ಆಡು ಇತ್ತಂತೆ. ಸೊಪ್ಪು ತಿನ್ನುತ್ತಿರಲಿಲ್ಲ, ಪೆಟ್ರೋಲು ಕುಡಿಯುತ್ತಿತ್ತು. ಬಂಡೆ ಕಂಡರೆ ಸಾಕು, ಒಮ್ಮೆ ಮೂಸಿ ನೋಡಿ, ಮುಂಗಾಲೆತ್ತಿ ಹತ್ತಿಬಿಡುತ್ತಿತ್ತು. ಅದರ ಹೊಟ್ಟೆಯಲ್ಲಿ ಬೆಂಕಿ. ಬೆಂಕಿಯ ಉಸಿರು ಬಲಪಕ್ಕೆಯ ಉದ್ದನೆಯ ಕೊಳವೆಯಿಂದ ಹೊರಗೆ ಬರುತ್ತಿತ್ತು. ಬೆನ್ನೇರಿದವರನ್ನು ಕಂಡರೆ ಆಡಿಗೆ ಬಲು ಪ್ರೀತಿಯಂತೆ. ಪ್ರೀತಿ ಉಕ್ಕಿದಾಗ ಆ ಕೊಳವೆಯಿಂದಲೇ ಅವರ ಬಲಗಾಲಿನ ಮೀನಖಂಡವನ್ನು ನೆಕ್ಕುತ್ತಿತ್ತು. ನೆಕ್ಕಿದಲ್ಲಿ ಎಲೆಯಂಥ ಸುಟ್ಟ ಕಲೆ.

ಅಜ್ಜಿ ಕತೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. ಆಮೇಲೇನಾಯ್ತು ಅಂತ ಪೀಡಿಸಿದರೆ, "ಆಮೇಲಿಂದು ನಿಮ್ಮ ತಾತನ್ನ ಕೇಳು. ಕತೆ ಅವರ ಕೈಯಲ್ಲೇ ಸಿಕ್ಕಾಕ್ಕೊಂಡಿದೆ," ಎನ್ನುತ್ತಿದ್ದಳು.

ಆಡು ನಿಜವಾಗಿಯೂ ಇತ್ತು. ತಾತನ ತಗಡಿನ ಕೆಲಸದ ಶೆಡ್ಡಿನ ಮೂಲೆಯಲ್ಲಿ, ಕಿಟಕಿಯ ಬಿಸಿಲು ಬೀಳುವ ಕಡೆ, ಕಿವಿ ನಿಮಿರಿಸಿಕೊಂಡು ನಿಂತಿರುತ್ತಿತ್ತು. ಹಳೆಯ ಟ್ರಯಲ್ಸ್ ಬೈಕು. ಟ್ರಯಲ್ಸ್ ಎಂದರೆ ಓಟದ ಪಂದ್ಯವಲ್ಲ. ಬಂಡೆ, ತೊರೆ, ಮರದ ದಿಮ್ಮಿಗಳನ್ನು ಕಾಲು ನೆಲಕ್ಕೆ ತಾಗಿಸದೆ ಮೆಲ್ಲಮೆಲ್ಲಗೆ ದಾಟುವ ಆಟ. ಅಷ್ಟು ಮೆಲ್ಲಗೆ ಹೋದರೆ ಕೊಳವೆಗೆ ಗಾಳಿ ಬಡಿಯುವುದಿಲ್ಲ, ಅದು ಕೆಂಡವಾಗುತ್ತದೆ. ಸವಾರನ ಕಾಲು ಅದಕ್ಕೇ ಒತ್ತಿಕೊಂಡಿರುತ್ತದೆ.

ಅಮ್ಮ ಹತ್ತೊಂಬತ್ತರಲ್ಲಿ ಹಾಗೆ ಸುಟ್ಟುಕೊಂಡವಳು. ಅಂದು ತಾತ ಮಗಳ ಕಾಲಿಗೆ ತಣ್ಣೀರು ಸುರಿಯುತ್ತ, "ನಾಳೆನೇ ಆ ಕೊಳವೆಗೊಂದು ಕವಚ ಮಾಡ್ತೀನಿ ಮಗಳೇ," ಎಂದಿದ್ದ. ಆ ನಾಳೆಗೆ ಈಗ ಇಪ್ಪತ್ತೆರಡು ವರ್ಷ.

ಈಗ ಅಮ್ಮನ ಮಗಳಿಗೂ ಹತ್ತೊಂಬತ್ತು. ಕುಳಿತಲ್ಲಿ ಕೂರದ ಅವಳನ್ನು ಮನೆಯವರೆಲ್ಲ ಕರೆಯುವುದು ಮಿಡತೆ ಎಂದೇ. ಭಾನುವಾರ ಕಲ್ಲುಕ್ವಾರಿಯಲ್ಲಿ ಹಳೆಯ ಬೈಕುಗಳ ಸ್ಪರ್ಧೆ. ಅಮ್ಮನದು ಒಂದೇ ಮಾತು: "ಕವಚ ಇದ್ರೆ ಹೋಗು. ಇಲ್ದಿದ್ರೆ ಅದರ ಮೇಲೆ ಕೂತಿದ್ದು ಕಂಡ್ರೆ ನಿನ್ನ ಮಿಡತೆ ಕಾಲು ಮುರೀತೀನಿ."

ತಾತ ಸೋಮಾರಿಯಾಗಿರಲಿಲ್ಲ. ಅವನ ಕಷ್ಟ ಬೇರೆ. ಐವತ್ತು ವರ್ಷ ಎಣ್ಣೆ ಡಬ್ಬಿ ಮಾಡಿದ ಕೈ ಅದು. ತಲೆಕೆಳಗು ಮಾಡಿದರೂ ಹನಿ ಸೋರದು. "ನನ್ನ ಬೆಸುಗೆಯಲ್ಲಿ ಇರುವೆ ಉಸಿರೂ ನುಸುಳಲ್ಲ," ಎಂದು ಮೀಸೆ ತಿರುವುವವನು. ಅವನ ಮೊದಲ ಕವಚ ಕೊಳವೆಗೆ ಚರ್ಮದ ಹಾಗೆ ಅಂಟಿ ಕೂತಿತು, ಹತ್ತೇ ನಿಮಿಷಕ್ಕೆ ಕೊಳವೆಯಷ್ಟೇ ಸುಡತೊಡಗಿತು. ಎರಡನೆಯದಕ್ಕೆ ನಡುವೆ ದಪ್ಪ ಬಟ್ಟೆ ತುರುಕಿದ. ಬಟ್ಟೆ ತೊರೆಯ ನೀರು ಕುಡಿದು, ಒಳಗೊಳಗೇ ಕೊಳವೆಗೆ ತುಕ್ಕು ಹಿಡಿಸಿತು. ಅಂಥ ಕೊಳವೆಯನ್ನು ಈಗ ಯಾರೂ ಮಾಡುವುದಿಲ್ಲ. ತಾತ ತೇಪೆ ಹಾಕಿ ಉಳಿಸಿಕೊಂಡ. ಮೂರನೆಯದನ್ನು ಎರಡೂ ತುದಿಗೆ ಬಿಗಿದ. ಬಿಸಿಯಾದ ಕೊಳವೆ ಹಿಗ್ಗಿತು, ರಿವೆಟ್ಟು ಟಣ್ಣೆಂದು ಹಾರಿ ಅಜ್ಜಿಯ ಹೂಕುಂಡ ಒಡೆಯಿತು. ಅಲ್ಲಿಂದಾಚೆ ತಾತನ ಬಾಯಲ್ಲಿ ಉಳಿದದ್ದು "ನಾಳೆ" ಒಂದೇ.

ಗುರುವಾರ ಮಿಡತೆ ರಟ್ಟು ಕತ್ತರಿಸಿ ಅಳತೆ ಕೊಟ್ಟಳು. ತಾತ ಅಲ್ಯುಮಿನಿಯಂ ತಗಡನ್ನು ಮರದ ಕೊಡತಿಯಲ್ಲಿ ತಟ್ಟಿ ತಟ್ಟಿ ಬಗ್ಗಿಸಿದ. ಆ ಸದ್ದಿಗೆ ಮಿಡತೆಗೆ ಅರ್ಧ ನಿದ್ದೆ, ಅರ್ಧ ಕನಸು. ಆಡು ಮೆಲುಕು ಹಾಕುತ್ತಿರುವಂತೆ ಕೇಳುತ್ತಿತ್ತು. ಕವಚವನ್ನು ಕೊಳವೆಗೆ ಬಿಗಿದು ಎಂಜಿನ್ ಚಾಲೂ ಮಾಡಿದರು. ಸ್ವಲ್ಪ ಹೊತ್ತಿಗೆ ಕವಚದ ಮೇಲೆ ಒದ್ದೆ ಬೆರಳಿಟ್ಟರೆ, ಚುಯ್!

ತಾತ ಸ್ಟೂಲಿನ ಮೇಲೆ ಕುಸಿದ. "ತಗಡು ನನ್ನ ಮಾತು ಕೇಳಲ್ಲ ಕಣೇ. ಅಮ್ಮನಿಗೆ ಹೇಳ್ಬಿಡು, ಆಗಲ್ಲ ಅಂತ."

ಮಿಡತೆ ಬೆರಳು ಚೀಪುತ್ತ ಅಡುಗೆಮನೆಗೆ ಬಂದಳು. ಅಜ್ಜಿ ಕುದಿಯುವ ಪಾತ್ರೆಯ ಮುಚ್ಚಳವನ್ನು ಬರಿಗೈಯಲ್ಲಿ ಎತ್ತಿದಳು. ಆವಿ ಮೋಡದಂತೆ ಮೇಲೇರಿತು. ಮೋಡದ ನಡುವೆ ಅಜ್ಜಿಯ ಎರಡು ಬೆರಳು, ಸುರುಳಿ ತಂತಿಯ ಹಿಡಿ.

"ಅಜ್ಜಿ, ಕೈ ಸುಡಲ್ವಾ?"

"ತಂತಿ ಸುತ್ತಿರೋದು ಮತ್ಯಾಕೆ? ಸುರುಳಿ ಸಂದಿನಲ್ಲಿ ಗಾಳಿ ಓಡಾಡುತ್ತಲ್ಲ. ಮದುವೆಯಾದ ವರ್ಷ ನಿಮ್ಮ ತಾತನೇ ಹಾಕ್ಕೊಟ್ಟಿದ್ದು."

ಮಿಡತೆ ಮುಚ್ಚಳ ಕಿತ್ತುಕೊಂಡು ಶೆಡ್ಡಿಗೆ ಓಡಿದಳು. "ತಾತ, ಇದನ್ನ ಮಾಡಿದವರು ಯಾರು?"

"ನಾನೇ. ಯಾಕೆ, ಸೋರ್ತಿದೆಯಾ?"

"ಸಂದು ಬಿಟ್ಟಿದ್ದೀಯ ತಾತ! ಕವಚಕ್ಕೂ ಕೊಳವೆಗೂ ನಡುವೆ ಗಾಳಿ ಹೋಗಲಿ ಬಿಡು."

"ಸಂದು ಬಿಡೋದಾ? ನಾನಾ? ನೋಡಿದವರು ಮುದುಕನ ಕೈ ನಡುಗ್ತಿದೆ ಅಂತಾರೆ."

ಮುಚ್ಚಳದ ಹಿಂದೆಯೇ ಬಂದಿದ್ದ ಅಜ್ಜಿ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟಳು. "ಐವತ್ತು ವರ್ಷ ನನ್ನ ಜೊತೆ ಸಂಸಾರ ಮಾಡಿದ್ದು ಹೇಗೆ ಅಂದ್ಕೊಂಡ್ರಿ? ಹಗಲೆಲ್ಲ ನೀವು ಶೆಡ್ಡಲ್ಲಿ, ನಾನು ಮನೇಲಿ. ನಡುವೆ ಸಂದು ಇದ್ದಿದ್ದಕ್ಕೇ ಇಬ್ಬರೂ ಸುಟ್ಟುಕೊಳ್ಳಲಿಲ್ಲ."

ತಾತ ನಕ್ಕುಬಿಟ್ಟ. ನಗು ನಿಂತ ಮೇಲೂ ಬಹಳ ಹೊತ್ತು ಆ ಸುರುಳಿಯನ್ನೇ ಸವರುತ್ತ ಕೂತಿದ್ದ.

ಶುಕ್ರವಾರ ಮಿಡತೆಯ ಕಿರುಬೆರಳಿನ ದಪ್ಪವೇ ಸಂದಿನ ಅಳತೆಯಾಯಿತು. ಅಷ್ಟು ಎತ್ತರಕ್ಕೆ ವಾಷರುಗಳನ್ನು ಒಂದರ ಮೇಲೊಂದು ಪೇರಿಸಿ, ಅದರ ಮೇಲೆ ಕವಚ ಕೂರಿಸಿದರು. ಹಿಂದಿನ ತುದಿಯ ತೂತನ್ನು ತಾತ ಅರ ಹಾಕಿ ಉದ್ದ ಮಾಡಿದ, ಕೊಳವೆ ಹಿಗ್ಗಿದರೆ ಜಾರಲಿ ಎಂದು. ಆ ತುದಿಯ ಬೋಲ್ಟನ್ನು ಪೂರ್ತಿ ಬಿಗಿಯಬಾರದು. ಆದರೆ ಐವತ್ತು ವರ್ಷದ ಕೈ ತಾನಾಗಿ ತಿರುಗುತ್ತಲೇ ಇತ್ತು. ತಾತ ಎಡಗೈಯಿಂದ ಬಲಗೈಯನ್ನು ಹಿಡಿದು ನಿಲ್ಲಿಸಿದ. ಬೋಲ್ಟು ಕಳಚಿ ಬೀಳದಂತೆ ಮೇಲೊಂದು ಜೋಡಿ ನಟ್ಟು ಹಾಕಿ, ಉಸಿರು ಬಿಟ್ಟ.

ಶನಿವಾರ ಬೆಳಗ್ಗೆ ತೊರೆಯ ಬಂಡೆಗಳ ಬಳಿ ಅಮ್ಮ ಕೈಕಟ್ಟಿ ನಿಂತಿದ್ದಳು. ಮಿಡತೆ ಆಡಿನ ಮೇಲೆ ನಿಂತಳು, ಟ್ರಯಲ್ಸ್‌ನಲ್ಲಿ ಕೂರುವವರಿಲ್ಲ. ಆಡು ಮೊದಲ ಬಂಡೆಯನ್ನು ಮೂಸಿತು, ಏರಿತು. ನೀರು ಚಕ್ರದಿಂದ ಜಾರಿ ಬಿಸಿಲಾಗಿ ಚಿಮ್ಮಿತು. ಮಿಡತೆಗೆ ಗಡಿಯಾರ, ದಡ, ತನ್ನ ತೂಕ ಎಲ್ಲ ಮರೆತೇಹೋಯಿತು. ಮೂರನೆಯ ಬಂಡೆಯಲ್ಲಿ ಹಿಂದಿನ ಚಕ್ರ ಜಾರಿ, ಬಲಪಕ್ಕೆ ಕಲ್ಲಿಗೆ ಟಂಗೆಂದು ತಾಗಿತು. ಅವಳು ಕಾಲಿಡಲಿಲ್ಲ. ತೂಗಿ, ನಿಂತು, ಮತ್ತೆ ಏರಿದಳು.

ಸುತ್ತಾಡಿ ಮರಳಿದಾಗ ತಾತ ಬಗ್ಗಿ ನೋಡಿದ. ಕವಚದ ಮೇಲೆ ಉದ್ದನೆಯ ಗೀರು, ಒಂದು ತಗ್ಗು. ಸಂದಿನಲ್ಲಿ ಇಣುಕಿದರೆ ಕೊಳವೆಗೆ ಕೂದಲೂ ಕೊಂಕಿರಲಿಲ್ಲ.

"ಕಾಲು ತೋರಿಸೇ," ಎಂದಳು ಅಮ್ಮ. ಮಿಡತೆಯ ಮೀನಖಂಡದ ಮೇಲೆ ಬೆವರು ಬಿಟ್ಟರೆ ಬೇರೇನಿಲ್ಲ. ಅಷ್ಟಕ್ಕೆ ಅಮ್ಮನಿಗೆ ನಂಬಿಕೆ ಬರಲಿಲ್ಲ. ತನ್ನ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಆ ಹಳೆಯ ಎಲೆಯಂಥ ಕಲೆಯನ್ನೇ ಕವಚಕ್ಕೆ ಒತ್ತಿ ಹಿಡಿದಳು. ಎಂಜಿನ್ ಇನ್ನೂ ಗೊಣಗುತ್ತಿತ್ತು. ತಾತ ಕಣ್ಣು ಮುಚ್ಚಿಕೊಂಡ.

"ಅಪ್ಪ."

ತಾತ ಕಣ್ಣು ಬಿಡಲಿಲ್ಲ.

"ಅಪ್ಪ, ಬೆಚ್ಚಗಿದೆ ಅಷ್ಟೇ. ಬೆಕ್ಕು ಒರಗಿದ ಹಾಗಿದೆ."

ತಾತ ಒಂದು ಕಣ್ಣು ತೆರೆದ. ಮಗಳ ಕಾಲು ಇನ್ನೂ ಅಲ್ಲೇ ಇತ್ತು. ಅವನು ಮೆಲ್ಲಗೆ ಬಗ್ಗಿ, ಕವಚಕ್ಕೂ ಕೊಳವೆಗೂ ನಡುವಿನ ಸಂದಿಗೆ ಬಾಯಿಂದ ಒಮ್ಮೆ ಉಫ್ ಎಂದು ಊದಿದ. ಉಸಿರು ಆಚೆ ಕಡೆಯಿಂದ ಹೊರಟು, ಅಲ್ಲಿ ಚಾಚಿದ್ದ ಮಿಡತೆಯ ಅಂಗೈಗೆ ತಾಗಿತು.

"ತಗೋ ಮಗಳೇ," ಎಂದ ತಾತ ಅಮ್ಮನ ಕಡೆ ತಿರುಗಿ. "ಆಯ್ತು."