ನಸುಕಿನ ಬಾಟಲಿ

ಪವಾಯಿ ಕೆರೆಯ ಮೇಲೆ ನಸುಕು ಹರಿಯುವಾಗ ನೀರು ಎಲ್ಲಿ ಮುಗಿದು ಮಂಜು ಎಲ್ಲಿ ಶುರುವಾಗುತ್ತದೆಂದು ವಾರಿಜಾಳಿಗೆ ತಿಳಿಯುತ್ತಿರಲಿಲ್ಲ. ಮಾಟುಂಗದಿಂದ ಮೊದಲ ಲೋಕಲ್ ರೈಲು ಹಿಡಿದು ಬಂದವಳ ಕಣ್ಣಲ್ಲಿ ಅರ್ಧ ನಿದ್ದೆ ಇನ್ನೂ ಉಳಿದಿರುತ್ತಿತ್ತು. ದೋಣಿಯ ಹುಟ್ಟಿನ ಸದ್ದು ಬೇರೆ ಯಾರದೋ ಕನಸಿನೊಳಗಿಂದ ಬಂದಂತೆ ಕೇಳುತ್ತಿತ್ತು. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು, ಏನೋ ಹೇಳಲು ಹೊರಟು ಮರೆತವರ ಹಾಗೆ.

ಅವಳು ಬಾಟಲಿಯನ್ನು ನೀರಲ್ಲಿ ಮುಳುಗಿಸಿ, ಒಂದು ಗುಳ್ಳೆಯೂ ಸೇರದಂತೆ ತುಂಬಿ, ರಾಸಾಯನಿಕ ಹನಿಸಿ ಬಿರಡೆ ಹಾಕುತ್ತಿದ್ದಳು. ನೀರಿನಲ್ಲಿ ಆಮ್ಲಜನಕ ಚೆನ್ನಾಗಿದ್ದರೆ ತಳದಲ್ಲಿ ಕಂದು ಗಸಿ ಕೂರಬೇಕು. ಇಲ್ಲಿ ದಿನವೂ ಕೂರುತ್ತಿದ್ದದ್ದು ಅಕ್ಕಿ ತೊಳೆದ ನೀರಿನಂಥ ಬಿಳುಪು.

ಆ ಬಿಳುಪು ಅವಳ ನಿದ್ದೆ ಕೆಡಿಸಿತ್ತು.

ಆ ಬೇಸಗೆಯಲ್ಲಿ ಕೆರೆಯ ದಂಡೆಗೆ ಸತ್ತ ಮೀನುಗಳು ಬಂದು ಬೀಳತೊಡಗಿದಾಗ ಡಾ. ಫಡ್ಕೆ ಒಂದು ತಂಡ ಕಟ್ಟಿದ್ದರು. ಅವರು ಸಸ್ಯಶಾಸ್ತ್ರಜ್ಞರು. ಕೆರೆಯ ಜೊಂಡು, ಪಾಚಿಗಳನ್ನೆಲ್ಲ ಒಣಗಿಸಿ ಕಾಗದಕ್ಕೆ ಅಂಟಿಸಿಡುತ್ತ ತಲೆ ನರೆಸಿಕೊಂಡವರು. ಧಾರವಾಡ ಕಡೆಯ ಚನ್ನಬಸಯ್ಯ ಎಂಜಿನಿಯರು. ಮಧ್ಯಾಹ್ನದ ಊಟ ಮುಗಿಸಿ, ಆಮ್ಲಜನಕ ಅಳೆಯಲು ವಿದೇಶದಿಂದ ತರಿಸಿದ ಮೀಟರ್ ಹೊತ್ತು ದೋಣಿ ಹತ್ತುತ್ತಿದ್ದರು. ರಸಾಯನಶಾಸ್ತ್ರದ ವಾರಿಜಾ ಒಂದು ಕಾಲೇಜಿನಿಂದ ಎರವಲು ಬಂದವಳು. ಮಧ್ಯಾಹ್ನ ಅಲ್ಲಿ ಹುಡುಗಿಯರಿಗೆ ಪ್ರಾಕ್ಟಿಕಲ್ ಮಾಡಿಸಬೇಕಿದ್ದುದರಿಂದ ಕೆರೆಯ ಬೆಳಗು ಮಾತ್ರ ಅವಳ ಪಾಲಿಗಿತ್ತು.

ಹೀಗೆ ಒಂದೇ ಕೆರೆಗೆ ಮೂವರೂ ಬೇರೆ ಬೇರೆ ಹೊತ್ತಿನಲ್ಲಿ ಬಂದು ಹೋಗುತ್ತಿದ್ದರು. ವರದಿಯಲ್ಲಿ ಆಮ್ಲಜನಕಕ್ಕೆ ಇದ್ದದ್ದು ಒಂದೇ ಅಂಕಿಯ ಜಾಗ. ಮೀಟರ್ ಧಾರಾಳವಾಗಿದೆ ಎನ್ನುತ್ತಿತ್ತು, ವಾರಿಜಾಳ ಬಾಟಲಿ ಇಲ್ಲವೇ ಇಲ್ಲ ಎನ್ನುತ್ತಿತ್ತು.

"ವಾರಿಜಾಬಾಯಿ, ಈ ವಾರ ನೋಡೋಣ," ಎಂದಿದ್ದರು ಫಡ್ಕೆ, ಮೆತ್ತಗೆ. "ನಹೀ ತೋ ಮೀಟರಿನ ಅಂಕಿಯನ್ನೇ ಇಟ್ಟುಕೊಳ್ಳೋಣ. ಆಮ್ಲಜನಕ ಇತ್ತು, ಮೀನು ವಿಷದಿಂದ ಸತ್ತವು ಅಂತ ಬರೆಯೋಣ. ನೀವು ಕಾಲೇಜಿಗೇ ಹೋಗಬಹುದು, ಇಷ್ಟು ದೂರ ಓಡಾಡುವ ತ್ರಾಸು ಯಾಕೆ?"

ಆ ಮೆತ್ತಗಿನ ಮಾತೇ ಅವಳನ್ನು ಹೆಚ್ಚು ಹೆದರಿಸಿತು. ದ್ರಾವಣಗಳನ್ನೆಲ್ಲ ಚೆಲ್ಲಿ ಹೊಸದಾಗಿ ಮಾಡಿದಳು. ಬಾಟಲಿಗಳನ್ನು ತೊಳೆದು, ತೊಳೆದದ್ದು ಸಾಲದೇನೋ ಎಂದು ಮತ್ತೆ ತೊಳೆದಳು. ಮನೆಯಲ್ಲಿ ಡಿಕಾಕ್ಷನ್ ಇಳಿಯುವುದನ್ನು ಬೆಳಕಿಗೆ ಹಿಡಿದು ನೋಡುತ್ತ ನಿಂತವಳನ್ನು ಕಂಡು ಅಕ್ಕ ಶೀಲಾವತಿ ನಕ್ಕಳು.

"ಎಂತ ಮಾರಾಯ್ತಿ, ಕಾಫಿಗೂ ಪರೀಕ್ಷೆಯಾ?"

"ನನ್ನ ಕೈಯೇ ಸರಿ ಇಲ್ಲವೇನೋ ಅಕ್ಕ."

"ಸಾರಿಗೆ ಮೂರು ಸಲ ಉಪ್ಪು ನೋಡುವವಳ ಕೈಗೆ ಎಂತಾಗ್ತದೆ? ಹೋಗು, ಲೋಕಲ್ ತಪ್ಪೀತು."

ಅಂದು ಕಾಲೇಜಿಗೆ ರಜೆ. ಬೆಳಗಿನ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಅವಳು ಕೆರೆಯ ದಂಡೆಯಲ್ಲೇ ಉಳಿದಳು. ಊಟದ ನಂತರ ಮೂವರೂ ಮೊದಲ ಬಾರಿಗೆ ಒಂದೇ ದೋಣಿಯಲ್ಲಿ ಕೂತರು. ಬಿಸಿಲಿಗೆ ಕೆರೆ ಗುರುತೇ ಸಿಗದಷ್ಟು ಹಸಿರಾಗಿತ್ತು. ಒಂದು ಮೀನೂ ಮೇಲಿರಲಿಲ್ಲ. ಪಾಚಿಯ ಎಳೆಎಳೆಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಅವಳು ಎಂದಿನಂತೆ ಬಾಟಲಿ ತುಂಬಿ ರಾಸಾಯನಿಕ ಹನಿಸಿದಳು.

ಗಸಿ ಕಂದಾಯಿತು, ಅಕ್ಕನ ಡಿಕಾಕ್ಷನ್ನಿನಷ್ಟು ದಟ್ಟವಾಗಿ.

"ನೋಡ್ರೀ ಬಾಯಾರ!" ಚನ್ನಬಸಯ್ಯ ತೊಡೆ ತಟ್ಟಿಕೊಂಡರು. "ಕಡೀಕ ನಿಮ್ಮ ಬಾಟ್ಲಿನೂ ನನ್ನ ಮೀಟರಿನ ಮಾತು ಕೇಳ್ತು!"

ಇಷ್ಟು ದಿನವೂ ನಾನೇ ತಪ್ಪಿದೆ ಎಂದುಕೊಂಡಳು ವಾರಿಜಾ. ಚೀಲದಲ್ಲಿದ್ದ ಬೆಳಗಿನ ಬಾಟಲಿಯನ್ನು ಯಾರಿಗೂ ಕಾಣದಂತೆ ನೀರಿಗೆ ಬಿಟ್ಟುಬಿಡಲೇ ಎನ್ನಿಸಿತು. ಕೈ ಒಳಗೆ ಹೋಗಿ ಅದರ ಕತ್ತು ಹಿಡಿಯಿತು. ಆದರೆ ಕಣ್ಣು ಆ ಗುಳ್ಳೆಗಳನ್ನು ಬಿಟ್ಟು ಬರಲಿಲ್ಲ. ಬೆಳಿಗ್ಗೆ ಇವು ಇರಲಿಲ್ಲ. ಬೆಳಿಗ್ಗೆ ಇದ್ದದ್ದು ಬಾಯಿ ತೆರೆಯುವ ಮೀನು.

ಅವಳು ಬಾಟಲಿಯನ್ನು ಹೊರತೆಗೆದು ಮತ್ತೊಂದರ ಪಕ್ಕದಲ್ಲಿಟ್ಟಳು. ಬಿಳಿ, ಕಂದು.

"ಎರಡೂ ಇದೇ ಜಾಗದ ನೀರು," ಎಂದಳು. "ಇದು ಬೆಳಿಗ್ಗೆಯದು."

ಫಡ್ಕೆ ಕನ್ನಡಕ ತೆಗೆದು ಎರಡನ್ನೂ ನೋಡಿದರು, ಬಾಗಿ ಪಾಚಿಯನ್ನು ನೋಡಿದರು.

"ಅರೇ ದೇವಾ," ಎಂದರು ಕೊನೆಗೆ. "ಬಿಸಿಲಿದ್ದಾಗ ಇವು ಆಮ್ಲಜನಕ ಕೊಡ್ತವೆ. ಕತ್ತಲಲ್ಲಿ ಮೀನಿನ ಹಾಗೆ ಇವೂ ಉಸಿರಾಡ್ತವೆ, ಇದ್ದದ್ದೆಲ್ಲ ಖತಂ ಮಾಡ್ತವೆ. ಹುಡುಗರಿಗೆ ಇದನ್ನೇ ಪಾಠ ಹೇಳ್ತೇನೆ ನಾನು! ಕಾಗದಕ್ಕೆ ಅಂಟಿಸಿದ ಪಾಚಿ ಉಸಿರಾಡೋದಿಲ್ಲ ನೋಡಿ, ನನಗೂ ಮರೆತೇ ಹೋಯಿತು."

"ಅದೆಲ್ಲಾ ಖರೇ ಇರಬಹುದ್ರೀ ಸರ್," ಚನ್ನಬಸಯ್ಯ ಸೋಲೊಪ್ಪಲಿಲ್ಲ. "ನನ್ನ ಮೀಟರ್ ಹೇಳಿದ್ರ ನಾ ನಂಬತೇನಿ."

"ಹಾಗಾದರೆ ನಾಳೆ ನಸುಕಿಗೆ ಬನ್ನಿ," ಎಂದಳು ವಾರಿಜಾ. ಹೇಳಿದ ಮೇಲೆ ತಾನೇ ಬೆಚ್ಚಿದಳು.

"ನಸುಕಿನ್ಯಾಗ? ನಮ್ಮನ್ಯಾಗ ಚಾ ಸೈತ ಸಿಗೂದಿಲ್ರೀ!"

"ನಾನು ಕಾಫಿ ತರ್ತೇನೆ."

ಮರುದಿನ ಮಂಜಿನಲ್ಲಿ ಮೂವರೂ ಫ್ಲಾಸ್ಕಿನ ಸುತ್ತ ಮುದುಡಿ ಕೂತಿದ್ದರು. ಮೀಟರಿನ ತಂತಿ ನೀರಿಗಿಳಿಯಿತು. ಮುಳ್ಳು ನಿಧಾನವಾಗಿ, ನಿದ್ದೆಗೆ ಜಾರುವ ತಲೆಯಂತೆ, ಸೊನ್ನೆಯ ಕಡೆ ವಾಲಿತು. ಚನ್ನಬಸಯ್ಯ ಗಾಜಿನ ಮೇಲೆ ಬೆರಳಿನಿಂದ ತಟ್ಟಿದರು. ಬ್ಯಾಟರಿ ಬದಲಿಸಿದರು. ಮುಳ್ಳು ಮತ್ತೆ ಅಲ್ಲಿಗೇ ಬಂದು ಮಲಗಿತು. ಸುತ್ತ ಮೀನುಗಳು ಬಾಯಿ ತೆರೆಯುತ್ತಿದ್ದವು.

"ಪಾಪ," ಎಂದರು ಅವರು. "ಇವು ದಿನಾ ಹೇಳಾಕತ್ತಿದ್ದವು. ನಾ ಆಗ ಮಲಗಿರ್ತಿದ್ದೆ."

"ಮೀನು ಸತ್ತದ್ದು ವಿಷದಿಂದಲ್ಲ, ಉಸಿರುಕಟ್ಟಿ. ವರದಿ ಹೊಸದಾಗಿ ಬರೆಯಬೇಕು," ಎಂದರು ಫಡ್ಕೆ. "ಇಡೀ ದಿನ ಅಳೆಯಬೇಕು. ವಾರಿಜಾಬಾಯಿ, ನಿಮ್ಮ ಪ್ರಿನ್ಸಿಪಾಲರ ಹತ್ತಿರ ನಾನೇ ಮಾತಾಡ್ತೇನೆ. ಮಧ್ಯಾಹ್ನವೂ ನೀವು ಇಲ್ಲೇ ಬೇಕು."

ಅವಳು ಹೂಂಗುಟ್ಟಿದಳೋ ಇಲ್ಲವೋ, ಅವಳಿಗೇ ನೆನಪಿಲ್ಲ. ಮಂಜಿನ ಹಿಂದೆ ಬೆಳಕು ಹುಟ್ಟುತ್ತಿತ್ತು. ಯಾರೂ ಏನೂ ಬರೆದುಕೊಳ್ಳಲಿಲ್ಲ. ಮೂವರೂ ತಲೆಗೆ ತಲೆ ತಾಗುವಂತೆ ಬಾಗಿ, ಪಾಚಿಯಿಂದ ಮೊದಲ ಗುಳ್ಳೆ ಏಳುವುದನ್ನೇ ಕಾಯುತ್ತಿದ್ದರು.