ಬೇಲಿಸಾಲಿನ ಕಾರುಗಳು

"ಇನ್ನೊಂದು ಕಾರು ಸಿಕ್ರೆ ನಾವು ಗ್ಯಾರೇಜೇ ತೆಗೀಬಹುದು ಐವರ್," ಅಂದಳು ಬೆರಿಲ್, ಮೊಣಕಾಲೂರಿ ಕೂತಲ್ಲಿಂದಲೇ. ಅವಳ ಅಂಗೈಯಲ್ಲಿ ಬೆರಳುದ್ದದ ಹಸಿರು ಆಟಿಕೆ ಕಾರೊಂದಿತ್ತು. ಅದರ ಕಿಟಕಿಗಳ ತುಂಬ ಇಂಗ್ಲೆಂಡಿನ ಲಿಂಕನ್‌ಶೈರಿನ ಕರಿಮಣ್ಣು.

ಐವರ್ ಪೆಲ್ ನಗಲಿಲ್ಲ. ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಮೇಲೆ, ಒಂಬತ್ತು ವರ್ಷದಿಂದ ಅವನು ಕಂಡವರ ಹೊಲಗಳಲ್ಲಿ ಲೋಹ ಹುಡುಕುವ ಡಿಟೆಕ್ಟರ್ ಬೀಸುತ್ತ ಅಡ್ಡಾಡಿದ್ದ. ಕಿವಿಗೆ ಹೆಡ್‌ಫೋನ್, ಸೊಂಟಕ್ಕೆ ಚೀಲ, ಕೈಯಲ್ಲಿ ಗುದ್ದಲಿಮರಿ. ನೂರಾರು ಅಂಗಿಗುಂಡಿ, ಸೀಸದ ಉಂಡೆ, ಕುದುರೆ ಲಾಳ ಸಿಕ್ಕಿದ್ದವು. ಒಮ್ಮೆ ಚಿನ್ನದ ಕೊಕ್ಕೆಯಿದ್ದ ಹಲ್ಲುಸೆಟ್ಟು ಸಿಕ್ಕಿ, ಎರಡು ದಿನ ಅವನಿಗೆ ಊಟ ಸೇರಿರಲಿಲ್ಲ. ಇನ್ನೊಮ್ಮೆ ಯುದ್ಧಕಾಲದ ಜೀವಂತ ಬಾಂಬು ಸಿಕ್ಕಿ, ಪೊಲೀಸರು ಬಂದು ಅರ್ಧ ದಿನ ರಸ್ತೆ ಮುಚ್ಚಿದ್ದರು. ಆ ಕತೆಯನ್ನು, ಅಷ್ಟೂ ವರ್ಷ ಅವನ ಜೊತೆ ಹುಡುಕುತ್ತ ಬಂದ ಗೆಳತಿ ಬೆರಿಲ್ ಇವತ್ತಿಗೂ ಡಿಟೆಕ್ಟರ್ ಕ್ಲಬ್ಬಿನಲ್ಲಿ ಹೇಳುತ್ತಾಳೆ, ಬಾಂಬನ್ನು ತಾನೇ ಮಡಿಲಲ್ಲಿಟ್ಟುಕೊಂಡಿದ್ದವಳ ಹಾಗೆ.

ಆದರೆ ಬಾಂಬಿಗೂ ಹೆದರದ ಐವರ್‌ನ ಕುತ್ತಿಗೆಯ ಕೂದಲು ಈಗ ನಿಮಿರಿತ್ತು. ಇದು ಏಳನೆಯ ಕಾರು. ಗೇಟಿನ ಕಡೆಯಿಂದ ಬೇಲಿಯ ಗುಂಟ ಬರುತ್ತಿದ್ದಾಗ ಮೊದಲನೆಯದು ಸಿಕ್ಕಿತ್ತು, ಅಂಗಡಿಯಿಂದ ನಿನ್ನೆ ತಂದಂತೆ ಮಿನುಗುತ್ತ. ಅಲ್ಲಿಂದ ಒಂದು ಹೆಜ್ಜೆಗೆ ಇನ್ನೊಂದು, ಮತ್ತೊಂದು ಹೆಜ್ಜೆಗೆ ಮತ್ತೊಂದು. ಮುಂದೆ ಹೋದಷ್ಟೂ ಬಣ್ಣ ಮಾಸುತ್ತಿತ್ತು, ಚಕ್ರ ಬಿಗಿಯುತ್ತಿತ್ತು. ಎಲ್ಲವೂ ಒಂದೇ ಗೇಣು ಆಳದಲ್ಲಿ, ಎಲ್ಲವೂ ಹೊಲದವರ ಮನೆಯ ಕಡೆಗೆ ಮೂತಿ ಮಾಡಿ. ಕಳೆದುಹೋದ ಸಾಮಾನು ಬಿದ್ದ ಹಾಗೆ ಬಿದ್ದಿರುತ್ತದೆ, ಸಾಲಾಗಿ ನಿಲ್ಲುವುದಿಲ್ಲ.

ಯಾರೋ ಮಕ್ಕಳು ಆಡಿರಬೇಕು ಬಿಡು ಅಂತ ಬೆರಿಲ್ ಅಂದಳು. ಮಕ್ಕಳು ಹೀಗೆ ಅಳತೆ ಹಿಡಿದು ತೋಡುವುದಿಲ್ಲ ಅಂತ ಅವನು. ಅದೂ ನಿಜವೇ ಅನ್ನಿಸಿದರೂ ಅವಳಿಗೆ ಅಷ್ಟು ಹೊತ್ತಿಗೆ ಟೀ ಮತ್ತು ಪಾಯಿಖಾನೆ, ಎರಡೂ ಒಟ್ಟಿಗೆ ಬೇಕಾಗಿದ್ದವು. ನೀನು ಗುಂಡಿ ಮುಚ್ಚಿ ಬಾ, ನಾನು ಮೇವಿಸ್ ಹತ್ತಿರ ಕೆಟಲ್ ಇಡಿಸ್ತೀನಿ ಅಂದವಳೇ, ಚೀಲ ಹೆಗಲಿಗೇರಿಸಿ ಗೋಧಿ ಕೊಯ್ದ ಕೂಳೆಯ ಮೇಲೆ ಹೊರಟೇಬಿಟ್ಟಳು.

ಮೇವಿಸ್ ಮಾವರ್ ಹೊಲದ ಒಡತಿ. ಚರ್ಚಿನ ಹಳೇ ಬಟ್ಟೆ ಮಾರಾಟದಲ್ಲಿ ಬೆರಿಲ್‌ಗೆ ಪರಿಚಯವಾಗಿ, ಬಂದು ಹುಡುಕಿಕೊಳ್ಳಿ, ನನ್ನ ಗಂಡ ಡೆರೆಕ್ ಯಾವುದಕ್ಕೂ ಏನೂ ಅನ್ನೋನಲ್ಲ ಅಂತ ಒಪ್ಪಿಗೆ ಕೊಟ್ಟಿದ್ದಳು. ಅವಳ ಷರತ್ತು ಒಂದೇ. ಹೋಗುವ ಮೊದಲು, ಸಿಕ್ಕಿದ್ದೆಲ್ಲ ಅವಳ ಅಡುಗೆಮನೆಯ ಮೇಜಿನ ಮೇಲೆ ಬರಬೇಕು, ತುಕ್ಕು ಮೊಳೆಯಾದರೂ ಸರಿ. ಈ ಹವ್ಯಾಸದಲ್ಲಿರುವವರಿಗೆ ಇದೇನೂ ಹೊಸದಲ್ಲ. ಹೊಲದವರ ಕಣ್ಣಿಗೆ ಬೀಳಿಸದೆ ಒಂದು ಅಂಗಿಗುಂಡಿಯನ್ನು ಜೇಬಿಗೆ ಹಾಕಿಕೊಂಡವನನ್ನೂ ಕ್ಲಬ್ಬಿನಲ್ಲಿ ಕಳ್ಳನೆಂದೇ ಕರೆಯುತ್ತಾರೆ.

ಐವರ್ ಐದನೆಯ ಗುಂಡಿಗೆ ಹುಲ್ಲುಹೆಂಟೆ ಮುಚ್ಚಿ ತುಳಿಯುತ್ತಿದ್ದಾಗ ಬೇಲಿಯಾಚೆ ವ್ಯಾನು ನಿಂತಿತು. ಇಳಿದು ಬಂದವನಿಗೆ ಎಂಬತ್ತರ ಹತ್ತಿರದ ವಯಸ್ಸು, ಉದ್ದ ಕೈಗಳು, ಚಪ್ಪಟೆ ಟೋಪಿ, ಒಂದು ಮಂಡಿ ಮಡಿಸುತ್ತಿರಲಿಲ್ಲ. ಡೆರೆಕ್ ಮಾವರ್ ಇವನೇ ಇರಬೇಕೆಂದು ಐವರ್ ಕೈ ಚಾಚಿದ, ತಾನು ಯಾರೆಂದು ಹೇಳಿದ, ಹವಾಮಾನ ಹೊಗಳಿದ. ಆ ಮನುಷ್ಯ ಕೈ ನೋಡಲಿಲ್ಲ, ಹುಲ್ಲಿನ ಮೇಲಿದ್ದ ಮೂರು ಕಾರುಗಳನ್ನು ನೋಡುತ್ತಿದ್ದ.

"ಎಲ್ಲಿತ್ತೋ ಅಲ್ಲೇ ಇಡಿ," ಅಂದ.

ಐವರ್ ಕ್ಷಮೆ ಕೇಳಿದ. ಮೇವಿಸ್ ಅವರು ಎಲ್ಲಿ ಬೇಕಾದರೂ ಅಗೆಯಬಹುದು ಅಂದಿದ್ದರು ಅಂತ ಹೇಳಿದ.

"ಅವಳಿಗೆ ಗೊತ್ತಿಲ್ಲ," ಅಂದ ಡೆರೆಕ್.

ಆಮೇಲೆ ಅವನು ಬೇಲಿಯ ಕಂಬಕ್ಕೆ ಒರಗಿಕೊಂಡು, ಕಣ್ಣು ಆ ಕಾರುಗಳ ಮೇಲೇ ಇಟ್ಟು, ಬಹಳ ಕಡಿಮೆ ಮಾತಿನಲ್ಲಿ ಹೇಳಿದ. ಕೀತ್ ಅಂತ ಒಬ್ಬ ಮಗನಿದ್ದ. ನಾಲ್ಕು ವರ್ಷದವನಿದ್ದಾಗ, ಅಗೋ ಆ ಕಾಲುವೆಯಲ್ಲಿ ಮುಳುಗಿ ಹೋದ. ಎಪ್ಪತ್ತನಾಲ್ಕನೇ ಇಸವಿಯ ಬೇಸಿಗೆ. ಮಣ್ಣಾದ ವಾರದೊಳಗೆ ಹುಡುಗನ ಬಟ್ಟೆ, ಪುಸ್ತಕ, ಫೋಟೋ ಎಲ್ಲ ಮನೆಯಿಂದಾಚೆ ಹೋಗಬೇಕು, ಹೆಸರೂ ಎತ್ತಕೂಡದು ಅಂತ ಅವನೇ ಹೆಂಡತಿಗೆ ಹೇಳಿದ್ದ. ಆಗೆಲ್ಲ ಗಂಡಸರು ಹಾಗೇ ಹೇಳುತ್ತಿದ್ದರು, ಡಾಕ್ಟರೂ ಅದನ್ನೇ ಹೇಳಿದ್ದ. ಅವಳು ಹೇಳಿದ ಹಾಗೆ ಕೇಳಿದಳು. ಮುಂದಿನ ಏಪ್ರಿಲ್‌ನಲ್ಲಿ ಹುಡುಗನಿಗೆ ಐದು ತುಂಬುವ ದಿನ ಬಂತು. ಬಿತ್ತನೆ ಬೀಜ ತರಲು ಪೇಟೆಗೆ ಹೋಗಿದ್ದ ಡೆರೆಕ್ ಒಂದು ಕಾರು ಕೊಂಡ. ಮನೆಗೆ ಒಯ್ಯುವ ಹಾಗಿರಲಿಲ್ಲ. ಇಲ್ಲಿ ಇಟ್ಟ. ಆಮೇಲೆ ಪ್ರತಿ ಏಪ್ರಿಲ್‌ನಲ್ಲೂ ಒಂದೊಂದು.

"ನಲವತ್ತನಾಲ್ಕು ಇವೆ," ಅಂದ. "ಅವಳಿಗೆ ಒಂದು ಫೋಟೋ ಕೂಡ ಇಟ್ಕೊಳ್ಳೋಕೆ ಬಿಡ್ಲಿಲ್ಲ ನಾನು. ಈಗ ಇದು ಗೊತ್ತಾದ್ರೆ ಯಾವ ಮುಖ ಇಟ್ಕೊಂಡು ಆ ಮನೇಲಿರ್ಲಿ?"

ಐವರ್ ಮತ್ತೆ ಮೊಣಕಾಲೂರಿ ಕೂತ. ಮೂರು ಕಾರುಗಳನ್ನೂ ಇದ್ದಲ್ಲೇ ಇಡುತ್ತೇನೆ, ಮೂತಿ ಕೂಡ ಅತ್ತಲೇ ಇರುತ್ತದೆ, ನನ್ನ ಬಾಯಿಂದ ಒಂದು ಮಾತು ಹೊರಬೀಳುವುದಿಲ್ಲ ಅಂತ ಭಾಷೆ ಕೊಟ್ಟ. ಮೊದಲನೆಯದನ್ನು ಗುಂಡಿಗೆ ಇಳಿಸುತ್ತಿದ್ದಾಗಲೇ ಅವನಿಗೆ ಬೆರಿಲ್‌ನ ಚೀಲ ನೆನಪಾದದ್ದು.

"ಇನ್ನು ನಾಲ್ಕು ಬೆರಿಲ್ ಹತ್ರ ಇವೆ. ಮನೆಗೆ ಹೋಗಿದ್ದಾಳೆ," ಅಂದ.

ಡೆರೆಕ್ ಮನೆಯ ಕಡೆ ತಿರುಗಿದ. ಅಡುಗೆಮನೆಯ ಹೊಗೆಕೊಳವೆಯಿಂದ ಹೊಗೆ ನೆಟ್ಟಗೆ ಏಳುತ್ತಿತ್ತು. ಅವನು ನಡೆಯತೊಡಗಿದ, ಮಡಿಸದ ಕಾಲನ್ನು ಕೂಳೆಯ ಮೇಲೆ ಎಳೆಯುತ್ತ. ಐವರ್ ಓಡಿದ. ಎಪ್ಪತ್ತೊಂದರ ವಯಸ್ಸಿನಲ್ಲಿ, ರಬ್ಬರ್ ಬೂಟು ಹಾಕಿಕೊಂಡು, ಕೊರಳಲ್ಲಿ ಹೆಡ್‌ಫೋನ್ ಕುಣಿಯುತ್ತಿರಲು, ಬಸ್ಸು ತಪ್ಪಿಸಿಕೊಂಡ ಪ್ರಯಾಣಿಕನ ಹಾಗೆ ಓಡಿದ. ಬೆರಿಲ್ ಮೊದಲು ಪಾಯಿಖಾನೆಗೆ ಹೋಗಿರಲಿ ದೇವರೇ, ಆಮೇಲೆ ತನ್ನ ಮೊಮ್ಮಗಳ ಮದುವೆಯ ಸುದ್ದಿ ಹಿಡಿದುಕೊಂಡಿರಲಿ ಅಂತ ಬೇಡಿಕೊಂಡ.

ಬಾಗಿಲು ತೆರೆದಾಗ ಬೆರಿಲ್‌ನ ಬಾಯಿ ನಡೆದೇ ಇತ್ತು. ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿ, ಪದ್ಧತಿಯಂತೆ ಸಿಕ್ಕಿದ್ದೆಲ್ಲ ಸಾಲಾಗಿ ಇಟ್ಟಿದ್ದಳು. ಒಂದು ಲಾಳ, ಒಂದು ಬೆಲ್ಟಿನ ಬಕಲ್ಲು, ನಾಲ್ಕು ಕಾರು. ಇವು ಹೇಗೆ ಅಳತೆ ಹಾಕಿದಂತೆ ಬೇಲಿಯ ಗುಂಟ ಹೂತಿದ್ದವು, ಹೇಗೆ ಒಂದಕ್ಕಿಂತ ಒಂದು ಹಳತಾಗುತ್ತ ಹೋಗಿದ್ದವು, ಹೇಗೆ ಎಲ್ಲವೂ ಈ ಮನೆಯ ಕಡೆಗೇ ನೋಡುತ್ತಿದ್ದವು, ಐವರ್ ಹೇಗೆ ಬೆಳ್ಳಗಾಗಿಹೋದ ಅಂತ ಕೈ ತಿರುಗಿಸಿ ವರ್ಣಿಸುತ್ತಿದ್ದಳು. ಮೇವಿಸ್ ಕೇಳುತ್ತಿರಲಿಲ್ಲ. ಪುಟ್ಟ ಆಕೃತಿಯ ಆ ಮುದುಕಿ ಕೂತು, ಹಸಿರು ಕಾರನ್ನು ಎರಡು ಬೆರಳಲ್ಲಿ ಹಿಡಿದಿದ್ದಳು.

ಐವರ್ ಬೆರಿಲ್‌ನ ತೋಳು ಹಿಡಿದ. ಒಂಬತ್ತು ವರ್ಷದಲ್ಲಿ ಅವನು ಅವಳನ್ನು ಮುಟ್ಟಿದ್ದೇ ಇಲ್ಲ, ಆ ಬೆರಗಿಗೇ ಅವಳ ಮಾತು ನಿಂತಿತು.

ಡೆರೆಕ್ ಹೊಸ್ತಿಲಲ್ಲಿ ಬಂದು ನಿಂತ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಮೇವಿಸ್ ಗಂಡನ ಮುಖ ನೋಡಿದಳು, ಕಾರು ನೋಡಿದಳು, ಮತ್ತೆ ಗಂಡನ ಬೂಟಿನ ಮಣ್ಣು ನೋಡಿದಳು. ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ.

"ಅವನ ಸ್ವೆಟರ್ ಒಂದು ಇಟ್ಕೊಳ್ತೀನಿ ಅಂತ ನಿನ್ನ ಕೇಳಿದ್ದೆ ಡೆರೆಕ್," ಅಂದಳು. ದನಿ ಏರಿಸಲಿಲ್ಲ. "ನೀಲಿದು. ನಾನೇ ಹೆಣೆದದ್ದು."

"ಹೌದು, ಕೇಳಿದ್ದೆ."

"ಬೇಡ ಅಂದೆ ನೀನು."

"ಅಂದೆ."

ಕೆಟಲ್ ಕುದಿದು ಕುದಿದು ತಾನೇ ಆರಿತು. ಐವರ್‌ಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ತಾವಿಬ್ಬರೂ ಹೊರಗೆ ಹೋಗಬೇಕು, ಆದರೆ ಬಾಗಿಲಲ್ಲಿ ಡೆರೆಕ್ ನಿಂತಿದ್ದ. ಅವನು ಒಳಗೂ ಬರುತ್ತಿರಲಿಲ್ಲ, ತಿರುಗಿಯೂ ಹೋಗುತ್ತಿರಲಿಲ್ಲ, ಹೊರಡು ಅಂತ ಯಾರಾದರೂ ಹೇಳಲಿ ಎಂದು ಕಾದಿರುವವನ ಹಾಗಿದ್ದ.

ಮೇವಿಸ್ ಹೆಬ್ಬೆರಳಿನಿಂದ ಕಾರಿನ ಕಿಟಕಿಯ ಮಣ್ಣು ಉಜ್ಜಿದಳು.

"ಇದು ಯಾವ ವರ್ಷದ್ದು?"

ಡೆರೆಕ್ ದೂರದಿಂದಲೇ ಕಣ್ಣು ಕಿರಿದು ಮಾಡಿ ನೋಡಿದ. "ಅವನಿಗೆ ನಲವತ್ತೆರಡು ತುಂಬಿದ್ದಕ್ಕೆ," ಅಂದ. "ಆ ಹೊತ್ತಿಗೆ ತಲೆ ನರೆಯೋಕೆ ಶುರುವಾಗಿರ್ತಿತ್ತು ಅಂದ್ಕೊಂಡಿದ್ದೆ. ನನ್ನ ಹಾಗೆ."

"ಇಲ್ಲ," ಅಂದಳು ಮೇವಿಸ್. "ಅವನದ್ದು ನಮ್ಮ ತೌರಿನ ಕೂದಲು. ನಮ್ಮಣ್ಣನಿಗೆ ಅರವತ್ತಾದ್ರೂ ನರೆತಿರ್ಲಿಲ್ಲ."

ಡೆರೆಕ್ ಅದನ್ನು ಯೋಚಿಸುತ್ತ ನಿಂತ. ಮೇವಿಸ್ ಮೇಜಿನ ಕೆಳಗಿಂದ ಕಾಲಲ್ಲೇ ಎದುರಿನ ಕುರ್ಚಿಯನ್ನು ಹೊರಗೆ ತಳ್ಳಿದಳು. ಅವನು ಟೋಪಿ ತೆಗೆದು, ಸೆಟೆದ ಕಾಲನ್ನು ಮುಂದೆ ಚಾಚಿ, ಕೂತುಕೊಂಡ.