ಗುರುತು ಹೇಳಿ ಪುಸ್ತಕ ಒಯ್ಯಿರಿ

"ಚಪ್ಪಲಿ ಇಲ್ಲೇ ಬಿಡವಾ ತಂಗಿ. ಹೂವು ಹಿಡಿ. ಬಲಕ್ಕ ಹಾದು ಹೋಗು," ಎನ್ನುತ್ತ ಹಂಪಣ್ಣ ಅಮೃತಾಳ ಕೈಗೆ ಒಂದು ಹಿಡಿ ಸೇವಂತಿಗೆ ಹಾಕಿಯೇಬಿಟ್ಟ. ಅವಳಿನ್ನೂ ಆಟೋದಿಂದ ಇಳಿದು ಮನೆ ಇದೇ ಹೌದೋ ಅಲ್ಲವೋ ಎಂದು ಕೇಳಲು ಬಾಯಿ ತೆರೆದಿದ್ದಳು ಅಷ್ಟೇ. ಹಿಂದಿನಿಂದ ಹೆಂಗಸರ ಸಾಲು ನೂಕಿತು. ನಾಲ್ಕು ಹೆಜ್ಜೆ ಮುಂದೆ ಹೋಗಿ ತಲೆ ಎತ್ತಿದಳು.

ಶಾಮಿಯಾನದ ಕೆಳಗೆ, ಕಬ್ಬಿಣದ ಪೈಪಿನ ಬೆಂಚಿನ ಮೇಲೆ, ಗೋಡೆಗೆ ಒರಗಿಸಿ ಮುದುಕನನ್ನು ಕೂರಿಸಿದ್ದರು. ಹಣೆ ತುಂಬ ವಿಭೂತಿ, ಗದ್ದ ಮುಟ್ಟುವಷ್ಟು ಹಾರ, ತಲೆಗೆ ಹಳದಿ ರುಮಾಲು. ಫೋನಿನಲ್ಲಿ ನೋಡಿದ ಮುಖವೇ. ಮೊನ್ನೆ ಗುರುವಾರ ಈತನೇ ಬರೆದಿದ್ದ: "ಐತವಾರ ಬಾರವಾ, ಮನ್ಯಾಗ ಇರ್ತೀನಿ. ಕುಷ್ಟಗಿ ಬಸ್ ಸ್ಟ್ಯಾಂಡಿನ್ಯಾಗ ಇಳದು ಕಂಡಕ್ಟರ್ ಗಿಡ್ಡಪ್ಪನ ಮನಿ ಅಂದ್ರ ಸಾಕು." ಇವತ್ತು ಐತವಾರ. ಹೇಳಿದ ಮಾತಿನಂತೆ ಮನೆಯಲ್ಲೇ ಇದ್ದ.

ಹೂ ಹಾಕಿ ಹೊರಳಿದಾಗ ಪಕ್ಕದ ಹೆಂಗಸು ಕೇಳಿದಳು, "ಯಾರ ಪೈಕಿ ನೀ? ತವರಮನಿ ಕಡ್ಯಾಕೀನ?"

"ನಾನು... ಪುಸ್ತಕದವರ ಪೈಕಿರಿ."

"ಹಂಗನ್ನು ಮತ್ತ. ಅವರದು ಒಂದು ಸಾಲು ಬ್ಯಾರೆನ ಕುಂತೈತಿ, ಬೇವಿನಗಿಡದ ಕೆಳಗ."

ಬೇವಿನಗಿಡದ ಕೆಳಗೆ ಆರು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಒಂದರಲ್ಲಿ ಗಂಗಾವತಿಯ ಔಷಧದಂಗಡಿಯ ಮುನವ್ವರ ಕುಳಿತಿದ್ದ. ಎರಡು ವರ್ಷದಿಂದ ಗಿಡ್ಡಪ್ಪನ ಜೊತೆ ದಿನಾ ಫೋನಿನಲ್ಲಿ ಬರೆದಾಡುತ್ತಿದ್ದವನು, ಮುಖ ನೋಡಿದ್ದು ಇವತ್ತೇ. "ಕುಂದ್ರವಾ," ಎಂದು ಕುರ್ಚಿ ಒರೆಸಿಕೊಟ್ಟ. "ನಿಂದೂ ಬಸ್ಸಿನ್ಯಾಗ ಬಿಟ್ಟ ಪುಸ್ತಕನ? ನನ್ನದು ಟಪಾಲಿನ್ಯಾಗ ಬಂದು ಸಿಕ್ಕೈತಿ. ಉಳದದ್ದು ಬರೇ ದೋಸ್ತಿ."

*

ಗಿಡ್ಡಪ್ಪ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದ. ಕುಷ್ಟಗಿ–ಗಂಗಾವತಿ, ಕುಷ್ಟಗಿ–ಯಲಬುರ್ಗಾ, ಕಡೆಗೆ ಕೊಪ್ಪಳ. ಜನ ಬಸ್ಸಿನಲ್ಲಿ ಏನೆಲ್ಲ ಬಿಟ್ಟಿಳಿಯುತ್ತಿದ್ದರು: ಕೊಡೆ, ಬುತ್ತಿಡಬ್ಬಿ, ಒಂದು ಸಲ ಕಾಲು ಕಟ್ಟಿದ ಕೋಳಿ, ಇನ್ನೊಂದು ಸಲ ಕರವಸ್ತ್ರದಲ್ಲಿ ಸುತ್ತಿದ ಹಲ್ಲಿನ ಸೆಟ್ಟು. ಅವಕ್ಕೆಲ್ಲ ಮರುದಿನವೇ ಡಿಪೋಕ್ಕೆ ಓಡಿಬರುವವರಿದ್ದರು. ಹಲ್ಲಿನವನಂತೂ ಬಾಯಿ ಮುಚ್ಚಿಕೊಂಡೇ ಬಂದಿದ್ದ. ಪುಸ್ತಕಕ್ಕೆ ಮಾತ್ರ ಯಾರೂ ಬರುತ್ತಿರಲಿಲ್ಲ.

ಆರು ತಿಂಗಳಾದ ಮೇಲೆ ಡಿಪೋದವರು ರದ್ದಿಗೆ ಹಾಕಲು ಹೊರಟರೆ ಗಿಡ್ಡಪ್ಪ ಸಹಿ ಮಾಡಿ ಮನೆಗೆ ತರುತ್ತಿದ್ದ. ರಟ್ಟಿನ ಒಳಗೆ ಪೆನ್ಸಿಲಿನಿಂದ ರೂಟು, ತಾರೀಖು, ಸೀಟು ಬರೆದಿಡುತ್ತಿದ್ದ. ತಾನು ಓದುತ್ತಿರಲಿಲ್ಲ. "ಇನ್ನೊಬ್ಬರ ಬುತ್ತಿ ಬಿಚ್ಚಿ ನೋಡ್ತಾರೇನು?" ಅನ್ನುತ್ತಿದ್ದ. ಅವನ ಹೆಂಡತಿ ಫಕೀರಮ್ಮ ಜೋಳದ ಚೀಲ ಸರಿಸಿ ಜಾಗ ಮಾಡುತ್ತ, "ಬಸ್ಸು ಒಂದ ಡಿಪೋದಾಗ ಬಿಟ್ಟು ಬರ್ತಿ ನೋಡು, ಉಳದದ್ದೆಲ್ಲಾ ಮನಿಗೆ ಬರ್ತೈತಿ," ಎಂದು ಗೊಣಗುತ್ತಿದ್ದಳು.

ನಿವೃತ್ತಿಯಾದ ಮೇಲೆ ಮೊಮ್ಮಗಳು ದಾನೇಶ್ವರಿ ಫೋನಿನಲ್ಲಿ ಒಂದು ತಾಣ ತೋರಿಸಿದಳು. ಜನ ತಂತಮ್ಮ ಮನೆಯ ಪುಸ್ತಕಗಳ ಫೋಟೋ ಹಾಕಿ, ಕಪಾಟು ಕಪಾಟಾಗಿ ಜೋಡಿಸಿ, ಮೆಚ್ಚಿದಷ್ಟು ಚುಕ್ಕಿ ಕೊಟ್ಟು, ಒಬ್ಬರದನ್ನೊಬ್ಬರು ನೋಡಿ ಮಾತಾಡುವ ಜಾಗ. ಗಿಡ್ಡಪ್ಪ ಒಂದು ಹಗಲು ಯೋಚನೆ ಮಾಡಿ ಕೇಳಿದ, "ಹಂಗಾರ ಕಳಕೊಂಡಾವ್ರೂ ಅಲ್ಲಿ ಬಂದು ನೋಡಬಹುದಲ್ಲ?"

ಆ ಬೇಸಿಗೆಯಲ್ಲಿ ನೂರಾ ನಲವತ್ತಮೂರು ಪುಸ್ತಕಗಳು ಫೋನು ಹತ್ತಿದವು. ಕಪಾಟಿಗೆ ಅವನಿಟ್ಟ ಹೆಸರು: ಗುರುತು ಹೇಳಿ ಪುಸ್ತಕ ಒಯ್ಯಿರಿ. ತಾಣದವರಿಗೆ ಇದು ತಲೆಗೆ ಹೋಗಲೇ ಇಲ್ಲ. "ಒಳ್ಳೆ ಸಂಗ್ರಹ ಸರ್, ಇದು ಹೇಗನಿಸಿತು?" ಎಂದು ಯಾರೋ ಕೇಳುವರು. "ನಾ ಓದಿಲ್ಲರಿ, ಇದು ನನ್ನದಲ್ಲ. ನಿಮ್ಮದೇನ್ರಿ?" ಎಂದು ಈತ ಬರೆಯುವನು. ಉಳಿದವರಿಗೆ ಕಪಾಟು ತುಂಬಿದಂತೆಲ್ಲ ಹಿಗ್ಗು, ಈತನಿಗೆ ಖಾಲಿಯಾದಂತೆಲ್ಲ. ಎಣಿಕೆ ನೂರರ ಕೆಳಗೆ ಇಳಿದ ದಿನ ಓಣಿಗೆಲ್ಲ ಫೇಡೆ ಹಂಚಿದ. "ಎರಡು ಸಾವಿರ ಪುಸ್ತಕ ಇಟ್ಟುಕೊಂಡ ನಾನು, ಆತನ ಮುಂದ ಬಡವ ಅನಸ್ತಿದ್ದೆ," ಎಂದ ಮುನವ್ವರ.

*

ಭಜನೆಯವರು ಒಂದು ಪದ ಮುಗಿಸಿ ಚಹಾಕ್ಕೆ ನಿಂತಾಗ ಫಕೀರಮ್ಮ ಬೇವಿನಗಿಡದ ಕಡೆ ನೋಡಿದಳು. ಗಂಡನ ಪಕ್ಕದಲ್ಲಿ ಬೆಳಗಿನಿಂದ ಕುಳಿತವಳು ಗೋಡೆ ಹಿಡಿದು ಎದ್ದು, ಅಮೃತಾಳ ಮುಂದೆ ಬಂದು ನಿಂತಳು.

"ಗಂಗಾವತಿ ಕಡೆ ಮರಳಿ ಅನ್ನೂ ಊರಾಕಿ ನೀನ ಏನು?"

"ಹೌದ್ರಿ. ನನಗ ಗೊತ್ತಿರಲಿಲ್ಲರಿ ಅಜ್ಜಿ, ಹಿಂಗಾಗೈತಿ ಅಂತ. ಇನ್ನೊಮ್ಮೆ ಬರ್ತೀನ್ರಿ."

"ಐತವಾರ ಮರಳಿ ಊರ ಹುಡುಗಿ ಬರ್ತಾಳ, ಉಣ್ಣಾಕ ಹಾಕು ಅಂತ ಹೇಳಿದ್ದ. ನಿನ್ನೆ ಮಧ್ಯಾಹ್ನ ಉಂಡು ಅಡ್ಡಾದಾವ ಏಳಲಿಲ್ಲ. ನೀ ಬಂದೀದಿ. ಗುರುತು ಹೇಳು, ಒಯ್ಯಿ."

ಅಮೃತಾ ಸುತ್ತ ನೋಡಿದಳು. ಮಂದಿಯೆಲ್ಲ ಚಹಾದ ಕಪ್ಪು ಹಿಡಿದು ಇತ್ತಲೇ ತಿರುಗಿತ್ತು. "ಕಸೂತಿ ಪುಸ್ತಕರಿ. ದಪ್ಪಂದು, ಕೈಲೆ ಹೊಲದು ರಟ್ಟು ಹಾಕಿದ್ದು. ಮ್ಯಾಲ ಅರಿಷಿಣದ ಕಲೆ ಐತಿ. ಪಂಪಾವತಿ ಅಂತ ನಮ್ಮವ್ವನ ಹೆಸರು ಬರದೈತಿ."

"ಅಷ್ಟೂ ಫೋಟೋದಾಗ ಐತಿ," ಎಂದಳು ಫಕೀರಮ್ಮ. "ನನಗ ಓದಾಕ ಬರಾಂಗಿಲ್ಲ ಖರೆ, ದಾನೇಶ್ವರಿ ಓದಿ ಹೇಳ್ಯಾಳ. ಫೋಟೋದಾಗ ಇಲ್ಲದ್ದು ಹೇಳು."

"ಹೋಗ್ಲಿ ಬಿಡ್ರಿ ಅತ್ತಿಗಿ," ಎಂದ ಹಂಪಣ್ಣ. ಎದುರು ಮನೆಯ ಕಿರಾಣಿ ವ್ಯಾಪಾರಿ, ಓಣಿಯಲ್ಲಿ ಮದುವೆ ಮಣ್ಣು ಎರಡಕ್ಕೂ ಮುಂದೆ ನಿಲ್ಲುವವನು. "ಇಂಥಾ ಹೊತ್ತಿನ್ಯಾಗ ಪರೀಕ್ಷಾ ಮಾಡ್ತಾರೇನ್ರಿ?"

"ನಾ ಮಾಡಾಕತ್ತಿಲ್ಲೋ ಹಂಪಣ್ಣ. ಆತ ಮಾಡಾಕತ್ತಾನ."

*

ಮೊದಲ ವರ್ಷ ಒಬ್ಬ ಬಂದು, ಫೋಟೋದಲ್ಲಿದ್ದುದನ್ನೆಲ್ಲ ಗಿಣಿಯಂತೆ ಹೇಳಿ, ಒಂದು ದೊಡ್ಡ ನಿಘಂಟು ಒಯ್ದಿದ್ದ. ಮರುವಾರ ಖರೆ ವಾರಸುದಾರ ಬಂದ. ಗಿಡ್ಡಪ್ಪ ಎರಡು ದಿನ ಉಣ್ಣಲಿಲ್ಲ. ಆಮೇಲೆ ಒಂದು ನೇಮ ಮಾಡಿದ. ಪ್ರತಿ ಪುಸ್ತಕದಲ್ಲೂ ಒಂದು ಗುರುತನ್ನು ಫೋನಿಗೆ ಹಾಕದೆ ಬಚ್ಚಿಡುವುದು. ಎಲ್ಲಿ ಬಚ್ಚಿಡುವುದು? ಫಕೀರಮ್ಮನ ತಲೆಯಲ್ಲಿ.

"ಬರದಿಟ್ರ ಯಾರಾರ ಓದ್ತಾರ. ನಿನಗ ಹೇಳಿಟ್ರ ಯಾರ ಓದ್ತಾರ?"

"ಮಂದಿ ಹೆಂಡ್ರಿಗೆ ಬಂಗಾರ ಇಡಾಕ ಕೊಡ್ತಾರ," ಎಂದು ಅವಳು ಅಂದರೂ ಒಪ್ಪಿದಳು. ದಿನಾ ಸಂಜೆ ಕಟ್ಟೆಯ ಮೇಲೆ ಕುಳಿತು ಅವನು ಕೇಳುವನು, ಅವಳು ಬೆಂಡೆಕಾಯಿ ಹೆಚ್ಚುತ್ತ ಹೇಳುವಳು.

"ಯಲಬುರ್ಗಾ ಬಸ್ಸು, ನೀಲಿ ರಟ್ಟಿಂದು?"

"ನವಿಲಗರಿ. ತುದಿ ಮುರದದ್ದು."

"ಹಿಂದಿನ ಸೀಟಿನ್ಯಾಗ ಸಿಕ್ಕದ್ದು, ಲೆಕ್ಕದ ಗೈಡು?"

"ನಡುವಿನ ಹಾಳ್ಯಾಗ ಮಾಸ್ತರಗ ಕೋಡು ಬರದಾರ."

ಅವನು ಒಂದೆರಡು ತಪ್ಪುತ್ತಿದ್ದ. ಅವಳು ತಪ್ಪುತ್ತಿರಲಿಲ್ಲ.

*

"ನಮ್ಮವ್ವಗ ಗೊತ್ತಿರ್ತೈತ್ರಿ," ಎಂದಳು ಅಮೃತಾ, ದನಿ ತಗ್ಗಿಸಿ. "ಆದರ ಅವ್ವನ್ನ ಕೇಳಾಕ ಬರಾಂಗಿಲ್ಲ."

"ಯಾಕ, ಅವ್ವ ಇಲ್ಲೇನು?"

"ಅದಾಳ್ರಿ."

"ಅದಾಳಂದ್ರ ಕೇಳು. ನನ್ನ ನೋಡು, ಆತನ್ನ ಒಂದು ಮಾತು ಕೇಳಬೇಕಿತ್ತು, ಹಿತ್ತಲದ ಕೀಲಿ ಎಲ್ಲಿಟ್ಟೀದಿ ಅಂತ. ಇನ್ನ ಯಾರನ್ನ ಕೇಳ್ಲಿ?"

ಯಾರೋ ನಕ್ಕು ಸೆರಗು ಬಾಯಿಗೊತ್ತಿಕೊಂಡರು. ಅಮೃತಾ ಕುರ್ಚಿಯ ತುದಿಗೆ ಜರುಗಿ ಹೇಳಿದಳು. ಹನ್ನೊಂದು ವರ್ಷದ ಹಿಂದೆ, ಅವಳು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ, ಅವ್ವ ಆ ಪುಸ್ತಕವನ್ನು ತಾವರಗೇರಾದಲ್ಲಿದ್ದ ಚಿಗವ್ವ ಸುಮಂಗಲಾಗೆ ತೋರಿಸಿ ತಾ ಎಂದು ಕೊಟ್ಟು ಕಳಿಸಿದ್ದಳು. ಅಮೃತಾಳ ಅಜ್ಜಿ ಕೈಯಾರೆ ಬರೆದ ಪುಸ್ತಕ, ಇಬ್ಬರು ಸೊಸೆಯರಿಗೂ ಅದರ ಮೇಲೆ ಕಣ್ಣು. ಅಮೃತಾ ಅದನ್ನು ಸೀಟಿನ ಮೇಲೆ ಬಿಟ್ಟು ಇಳಿದುಬಿಟ್ಟಳು. ಬೈಗುಳಕ್ಕೆ ಹೆದರಿ, ಚಿಗವ್ವನ ಮನೆಯಲ್ಲಿ ಇಟ್ಟುಬಂದೆ ಎಂದಳು. ಚಿಗವ್ವ ನಾ ನೋಡೇ ಇಲ್ಲ ಎಂದಳು. ಅಂದಿನಿಂದ ವಾರಗಿತ್ತಿಯರಿಬ್ಬರಿಗೂ ಮಾತಿಲ್ಲ.

"ಪುಸ್ತಕ ಸಿಕ್ಕ ಮ್ಯಾಲ ಸುಮ್ಮನ ಚಿಗವ್ವನ ಕೈಯಾಗ ಕೊಟ್ಟು, ಹಳೇ ಟ್ರಂಕಿನ್ಯಾಗ ಸಿಕ್ತು ಅನ್ನು ಅಂತ ಹೇಳಬೇಕಂದಿದ್ದೆರಿ."

"ಅಂದ್ರ ಆಕಿನ್ನ ಕಳ್ಳೀನ ಮಾಡಾಕಿ ಇದ್ದಿ, ಕಾಯಂ ಆಗಿ," ಎಂದಳು ಫಕೀರಮ್ಮ. "ಫೋನ್ ಹಚ್ಚು. ನನಗೂ ಕೇಳೂವಂಗ ಹಚ್ಚು."

ಅಮೃತಾ ಫೋನು ಹಚ್ಚಿದಳು. ಅತ್ತ ಪಂಪಾವತಿಯ ದನಿ ಬಂತು, ಹಿಂದೆ ಕುಕ್ಕರಿನ ಸೀಟಿ.

"ಯವ್ವಾ, ಅಜ್ಜಿ ಕಸೂತಿ ಪುಸ್ತಕದಾಗ ಏನಿತ್ತು? ಒಳಗ?"

"ನನ್ನ್ಯಾಕ ಕೇಳ್ತಿ, ಸುಮಂಗಲಾನ್ನ ಕೇಳು. ಆಕಿ ಮನ್ಯಾಗ ಬೆಚ್ಚಗ ಕುಂತೈತಿ."

"ಚಿಗವ್ವನ ಮನಿಗೆ ಅದು ಹೋಗೇ ಇಲ್ಲ. ನಾ ಬಸ್ಸಿನ್ಯಾಗ ಬಿಟ್ಟು ಇಳದಿದ್ದೆ. ನೀ ಹೊಡಿತಿ ಅಂತ ಸುಳ್ಳು ಹೇಳಿದೆ."

ಕುಕ್ಕರು ಇನ್ನೊಂದು ಸೀಟಿ ಹೊಡೆಯಿತು. ಭಜನೆಯವರು ತಾಳ ತೊಡೆಯ ಮೇಲೆ ಇಟ್ಟುಕೊಂಡು ಕಿವಿಗೊಟ್ಟಿದ್ದರು.

"ಹನ್ನೊಂದು ವರ್ಷ," ಎಂದಳು ಪಂಪಾವತಿ ಕೊನೆಗೆ. "ಹನ್ನೊಂದು ವರ್ಷ ಆಕಿ ಮನಿ ಹೋಳಿಗಿ ತಿಂದಿಲ್ಲ ನಾ. ಆಕಿ ಹೋಳಿಗಿ ಹೆಂಗಿರ್ತಾವು ಗೊತ್ತೈತೇನು ನಿನಗ?"

"ಗೊತ್ತೈತಿ. ನಾ ತಿಂತಿದ್ದೆ."

"ತಿಂತಿದ್ದೆ ಅಂತಾಳ."

ಫಕೀರಮ್ಮ ಫೋನಿಗೆ ಬಾಗಿದಳು. "ತಂಗಿ, ಬೈಯೂದು ಮನಿಗೆ ಬಂದ ಮ್ಯಾಲ ಕುಂದ್ರಿಸಿಕೊಂಡು ಬೈಯವಾ. ಇಲ್ಲಿ ನನ್ನ ಗಂಡನ್ನ ಮಣ್ಣು ಮಾಡೂದೈತಿ. ಪುಸ್ತಕದಾಗ ಏನಿತ್ತು ಹೇಳು."

"ಅಯ್ಯ ನಮ್ಮವ್ವ. ಆನಿ ಅಂಬಾರಿ ತಗದಿದ್ದ ಹಾಳ್ಯಾಗ ಒಂದು ಸೂಜಿ ಚುಚ್ಚಿತ್ರಿ. ಕೆಂಪು ರೇಷ್ಮಿ ದಾರ ಪೋಣಿಸಿದ್ದು. ನಮ್ಮತ್ತಿ ಪೋಣಿಸಿಟ್ಟು, ನಾಳೆ ಹೊಲಿತೀನಿ ಅಂದಾಕಿ ಹೊಲೀಲಿಲ್ಲ. ನಾವು ಅದನ್ನ ಹಂಗ ಬಿಟ್ಟಿದ್ವಿ."

ಫಕೀರಮ್ಮ ಕಣ್ಣು ಮುಚ್ಚಿ ತೆಗೆದಳು. "ಬರೋಬ್ಬರಿ. ದಾನವ್ವಾ, ತಗೊಂಬಾ."

ದಾನೇಶ್ವರಿ ಒಳಗೆ ಹೋದಳು. ಬಂದಾಗ ಕೈ ಖಾಲಿ. "ಆಯಿ, ಫೋನಿನ್ಯಾಗ ಒಂಬತ್ತು ಉಳದಾವು. ಅಲಮಾರ್‍ಯಾಗ ಎಂಟ ಅದಾವ. ಕಸೂತೀದು ಇಲ್ಲ."

ಅಮೃತಾ ಎದ್ದುನಿಂತಳು. ಓಣಿ ಗುಜುಗುಜು ಅಂದಿತು. ಇಷ್ಟೊತ್ತು ಎಲ್ಲರಿಗಿಂತ ಮುಂದೆ ನಿಂತಿದ್ದ ಹಂಪಣ್ಣ ಮೆಲ್ಲಗೆ ಹಿಂದೆ ಸರಿದು, ಟವೆಲಿನಿಂದ ಕತ್ತು ಒರೆಸಿಕೊಂಡ.

"ದಪ್ಪಂದು ಅಂದ್ರ... ರಟ್ಟು ಗಟ್ಟಿ ಇದ್ದದ್ದೇನ್ರಿ?"

"ಎಲ್ಲೈತಿ ಹಂಪಣ್ಣ?"

"ಮುಂಜಾನೆ ಬೆಂಚು ಅಲ್ಲಾಡತಿತ್ತು ಅತ್ತಿಗಿ. ಒಂದು ಕಾಲು ಗಿಡ್ಡ. ಗಿಡ್ಡಪ್ಪಣ್ಣ ಎಡಕ್ಕ ವಾಲತಿದ್ದ. ಇಟ್ಟಂಗಿ ಹುಡುಕಿದೆ, ಭಾಳ ಎತ್ತರ ಆತು. ಅಲಮಾರ್‍ಯಾಗ ಇದೊಂದು ಬರೋಬ್ಬರಿ ಅಳತೀದು ಕಣ್ಣಿಗೆ ಬಿತ್ತು."

ಎಲ್ಲರೂ ಬಾಗಿ ನೋಡಿದರು. ಬಿಳಿ ಪಂಚೆಯ ಅಂಚಿನ ಕೆಳಗೆ, ಬೆಂಚಿನ ಎಡಗಾಲಿನಡಿ, ಅರಿಷಿಣದ ಕಲೆಯ ರಟ್ಟು.

"ಅಮೃತಾ, ಎಲ್ಲೈತಂತ ಅದು?" ಎಂದಳು ಫೋನಿನೊಳಗಿಂದ ಪಂಪಾವತಿ.

"ಅಜ್ಜನ ಕೆಳಗ ಐತಿ ಯವ್ವಾ. ಆಮ್ಯಾಲ ಹೇಳ್ತೀನಿ."

"ಮೂರು ಗಂಟೆಗೆ ಟ್ರ್ಯಾಕ್ಟರಿಗೆ ಏರಸ್ತೀವಲ್ಲ, ಆವಾಗ ತಕ್ಕೊಂಡ್ರಾತು," ಎಂದ ಹಂಪಣ್ಣ. "ಐನೋರು ವಿಭೂತಿ ಹಚ್ಚಿ ಹೋಗ್ಯಾರ. ಕುಂದ್ರಿಸಿದ ಮ್ಯಾಲ ನಡುವ ಎಬ್ಬಿಸಬಾರದು ಅತ್ತಿಗಿ, ಶಾಸ್ತ್ರ ಐತಿ."

"ನಾ ಕಾಯ್ತೀನ್ರಿ ಅಜ್ಜಿ," ಎಂದಳು ಅಮೃತಾ.

ಫಕೀರಮ್ಮ ತಲೆ ಅಲ್ಲಾಡಿಸಿದಳು. "ಆತ ಇಲ್ಲಿ ಕುಂತಾಗ ಕೊಡಬೇಕು. ಹೋದ ಮ್ಯಾಲ ಕೊಟ್ರ ಅದು ನಾ ಕೊಟ್ಟಂಗಾತು, ಆತ ಕೊಟ್ಟಂಗಾಗಲಿಲ್ಲ. ಮೂವತ್ತೊಂದು ವರ್ಷ ತನ್ನ ಸೀಟು ಬಿಟ್ಟು ಬಾಣಂತ್ಯಾರನ್ನ ಕುಂದ್ರಿಸ್ಯಾನ. ಇವತ್ತೊಂದು ಸಲ ಎದ್ರ ಸವಿಯಾಂಗಿಲ್ಲ. ಹಿಡೀರಿ."

ಹಂಪಣ್ಣ ಟವೆಲು ಸೊಂಟಕ್ಕೆ ಬಿಗಿದ. ಬೆಂಚಿನ ಎರಡು ಮೂಲೆಗೆ ಭಜನೆಯವರು, ಒಂದಕ್ಕೆ ಹಂಪಣ್ಣ, ಇನ್ನೊಂದಕ್ಕೆ ಮುನವ್ವರ ನಿಂತರು. "ಹೂಂ" ಎಂದು ಗೇಣುದ್ದ ಎತ್ತಿದರು. ಹಾರಗಳು ತೂಗಿದವು. ಫಕೀರಮ್ಮ ಒಂದು ಕೈಯಿಂದ ಗಂಡನ ಭುಜ ಹಿಡಿದುಕೊಂಡಳು. ಅಮೃತಾ ಮೊಣಕಾಲೂರಿ ಕೈ ತೂರಿಸಿ ಪುಸ್ತಕ ಎಳೆದುಕೊಂಡಳು. ಹಂಪಣ್ಣ ಜೇಬಿನಿಂದ ತನ್ನ ಅಂಗಡಿಯ ಸಾಲದ ಲೆಕ್ಕದ ಉದ್ರಿ ವಹಿ ತೆಗೆದು, ಮಡಿಚಿ, ಆ ಕಾಲಿನ ಕೆಳಗೆ ತಾನೇ ಇಟ್ಟ. "ಅಳತಿ ಬರೋಬ್ಬರಿ ಆತು," ಎಂದು ಯಾರಿಗೋ ಹೇಳಿದ.

ಆನೆಯ ಹಾಳೆಯಲ್ಲಿ ಸೂಜಿ ಇತ್ತು. ತುಕ್ಕು ಹಿಡಿದಿತ್ತು, ದಾರ ಮಾತ್ರ ಕೆಂಪಗೇ ಇತ್ತು.

ದಾನೇಶ್ವರಿ ಫೋನಿನಲ್ಲಿ ಬೆರಳಾಡಿಸಿದಳು. ಫಕೀರಮ್ಮ ಗಂಡನ ಕಿವಿಯ ಹತ್ತಿರ ಬಾಗಿ, ಅವನಿಗೆ ಈಚೆಗೆ ಸರಿಯಾಗಿ ಕೇಳುತ್ತಿರಲಿಲ್ಲವಾಗಿ ತುಸು ಜೋರಾಗಿಯೇ ಹೇಳಿದಳು, "ಎಂಟು."

*

ಮಣ್ಣು ಮುಗಿಸಿ, ಓಣಿಯವರು ತಂದ ರೊಟ್ಟಿ ಉಂಡು, ಅಮೃತಾ ಗಂಗಾವತಿ ಬಸ್ಸು ಹತ್ತಿದಾಗ ಬಿಸಿಲು ಇಳಿದಿತ್ತು. ಅವ್ವ ಆಗಲೇ ಎರಡು ಸಲ ಫೋನು ಮಾಡಿದ್ದಳು. ತಾವರಗೇರಾದಲ್ಲೇ ಇಳಿ, ನಾನೂ ಅಲ್ಲೇ ಬರಾಕತ್ತೀನಿ, ಚಿಗವ್ವಗ ಏನೂ ಹೇಳಬ್ಯಾಡ, ಮೊದಲ ನಾ ಹೇಳ್ತೀನಿ ಎಂದಿದ್ದಳು. ಎಳ್ಳಷ್ಟೂ ಸಿಟ್ಟಿರಲಿಲ್ಲ, ಬರೇ ಅವಸರ.

ಪುಸ್ತಕ ತೊಡೆಯ ಮೇಲಿತ್ತು. ರಟ್ಟಿನ ಮೇಲೆ ಬೆಂಚಿನ ಪೈಪು ಒತ್ತಿ ದುಂಡಗೆ ಒಂದು ತಗ್ಗು ಬಿದ್ದಿತ್ತು, ಬಳೆಯಷ್ಟು. ಅಮೃತಾ ಅದರ ಸುತ್ತ ಬೆರಳಾಡಿಸಿದಳು. ರಟ್ಟು ತೆರೆದಳು. ಪೆನ್ಸಿಲಿನಲ್ಲಿ ಬರೆದ ರೂಟು ತಾರೀಖಿನ ಮೇಲೂ ಆ ಬಳೆ ಮೂಡಿತ್ತು. ಮೊದಲ ಹಾಳೆಯ ತುಳಸಿಕಟ್ಟೆಯ ಸುತ್ತ ಮೂಡಿತ್ತು, ಗಿಣಿಯ ಸುತ್ತ ಮೂಡಿತ್ತು. ಬಸ್ಸು ಕುಲುಕುತ್ತಿದ್ದರೂ ಅವಳು ಒಂದೊಂದೇ ಹಾಳೆ ತಿರುವುತ್ತ ಹೋದಳು, ಮುದುಕನ ಭಾರ ಎಲ್ಲಿಯತನಕ ಇಳಿದಿದೆ ಎಂದು ನೋಡಲು.